ಸೆನ್ಸರ್ ಎಷ್ಟು ತಣ್ಣಗಿರಬೇಕು? ಖಗೋಳ ಕ್ಯಾಮೆರಾದ ಕೂಲಿಂಗ್ ನಿಭಾಯಿಸುವ ಬಗೆ

ಏಪ್ರಿಲ್‌ನಲ್ಲಿ ಬೆಂಗಳೂರಿನ ತಾರಸಿಯ ಮೇಲೆ ರಾತ್ರಿ ಒಂಬತ್ತಕ್ಕೂ ಗಾಳಿ 27–28 ಡಿಗ್ರಿ ಸೆಲ್ಸಿಯಸ್ ಇರಬಹುದು. ಆ ಹೊತ್ತಿಗೆ ಕೂಲರ್ ಇರುವ ಕ್ಯಾಮೆರಾಗೆ ಮೈನಸ್ 20ರ ಗುರಿ ಕೊಟ್ಟರೆ ಕೂಲರ್ ಪವರ್ ಶೇ 100ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ, ತಾಪಮಾನ ಮೈನಸ್ 7ರ ಆಸುಪಾಸಿನಲ್ಲಿ ತೊಯ್ದಾಡುತ್ತದೆ. ನಡುರಾತ್ರಿ ದಾಟಿ ಗಾಳಿ ತಂಪಾದಂತೆ ಮೈನಸ್ 9, ಮೈನಸ್ 11 ಎಂದು ಜಾರುತ್ತಾ ಹೋಗುತ್ತದೆ. ಬೆಳಿಗ್ಗೆ ಕಡತಗಳನ್ನು ತೆರೆದರೆ ಒಂದೊಂದು ಗಂಟೆಯ ಫ್ರೇಮ್ ಒಂದೊಂದು ತಾಪಮಾನದ್ದು, ಯಾವುದಕ್ಕೂ ಸರಿಹೊಂದುವ ಡಾರ್ಕ್ ಫ್ರೇಮ್ (ಮುಚ್ಚಳ ಹಾಕಿ ಕತ್ತಲಲ್ಲಿ ತೆಗೆದು ಚಿತ್ರದಿಂದ ಕಳೆಯುವ ಫ್ರೇಮ್) ಇಲ್ಲ. ಅದೇ ಕ್ಯಾಮೆರಾಗೆ ಶೂನ್ಯ ಡಿಗ್ರಿ ಸಾಕು ಎಂದಿದ್ದರೆ ಇಡೀ ರಾತ್ರಿ ಕದಲದೆ ನಿಲ್ಲುತ್ತಿತ್ತು, ಸಂಸ್ಕರಿಸಿದ ಚಿತ್ರವೂ ಹೆಚ್ಚು ಸ್ವಚ್ಛವಾಗಿ ಬರುತ್ತಿತ್ತು.

ಕೂಲಿಂಗ್ ವಿಷಯದಲ್ಲಿ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಎಷ್ಟು ಕೆಳಗೆ ಇಳಿಸಬಹುದು ಎಂಬುದರ ಕಡೆಗೇ ಗಮನವಿರುತ್ತದೆ. ಆದರೆ ಕೆಲಸಕ್ಕೆ ಬರುವುದು ವರ್ಷದ ಯಾವ ರಾತ್ರಿಯಲ್ಲೂ ಮತ್ತೆ ಮುಟ್ಟಬಲ್ಲ, ಮುಟ್ಟಿ ನಿಲ್ಲಬಲ್ಲ ಒಂದು ತಾಪಮಾನ.

ಶಾಖ ಹುಟ್ಟಿಸುವ ಎಲೆಕ್ಟ್ರಾನ್‌ಗಳು

ಸಿಲಿಕಾನ್ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಬೆಳಕೇ ಇಲ್ಲದಿದ್ದರೂ ಶಾಖದ ಕಂಪನವೊಂದೇ ಆಗೊಮ್ಮೆ ಈಗೊಮ್ಮೆ ಎಲೆಕ್ಟ್ರಾನನ್ನು ಬಿಡಿಸಿಬಿಡುತ್ತದೆ. ಒಂದು ನಕ್ಷತ್ರದಿಂದ ಬಂದದ್ದು, ಇನ್ನೊಂದು ಬಿಸಿಯಿಂದ ಹುಟ್ಟಿದ್ದು ಎಂಬ ಭೇದ ಪಿಕ್ಸೆಲ್‌ಗೆ ಗೊತ್ತಾಗುವುದಿಲ್ಲ. ಹೀಗೆ ಬಿಸಿಯಿಂದ ಸೋರುವ ಎಲೆಕ್ಟ್ರಾನ್‌ಗಳ ಹರಿವೇ ಡಾರ್ಕ್ ಕರೆಂಟ್. ಸೆನ್ಸರ್ ಯಾವುದು ಎಂಬುದರ ಮೇಲೆ, ಸುಮಾರು 5.5ರಿಂದ 7 ಡಿಗ್ರಿ ಏರಿದಾಗಲೆಲ್ಲ ಅದು ಎರಡು ಪಟ್ಟಾಗುತ್ತದೆ.

ಡಾರ್ಕ್ ಫ್ರೇಮ್ ಕಳೆದರೆ ಇದೆಲ್ಲ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೋಗುವುದು ಸರಾಸರಿ ಮಾತ್ರ. ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ, ಯಾದೃಚ್ಛಿಕವಾಗಿ ಹುಟ್ಟುವುದರಿಂದ ಎಣಿಕೆಯ ವರ್ಗಮೂಲದಷ್ಟು ಏರಿಳಿತ ಪ್ರತಿ ಫ್ರೇಮಿನಲ್ಲೂ ಉಳಿದೇ ಇರುತ್ತದೆ. ಆ ಏರಿಳಿತವೇ ನಾಯ್ಸ್. ಅದನ್ನು ಕಳೆಯುವ ದಾರಿಯಿಲ್ಲ, ಹುಟ್ಟದಂತೆ ತಡೆಯಬಹುದು ಅಷ್ಟೆ.

ಲೆಕ್ಕ ಹಾಕಿ ನೋಡೋಣ. ಒಂದು ಸೆನ್ಸರ್‌ನಲ್ಲಿ 25 ಡಿಗ್ರಿಯಲ್ಲಿ ಪಿಕ್ಸೆಲ್‌ಗೆ ಸೆಕೆಂಡಿಗೆ 0.1 ಎಲೆಕ್ಟ್ರಾನ್ ಡಾರ್ಕ್ ಕರೆಂಟ್ ಇದೆ, ಪ್ರತಿ 6 ಡಿಗ್ರಿಗೆ ಅದು ಅರ್ಧವಾಗುತ್ತದೆ, ರೀಡ್ ನಾಯ್ಸ್ (ಪಿಕ್ಸೆಲ್ ಓದುವಾಗ ಸೇರುವ ನಾಯ್ಸ್) 1.5 ಎಲೆಕ್ಟ್ರಾನ್ ಎಂದುಕೊಳ್ಳಿ. 300 ಸೆಕೆಂಡಿನ ಎಕ್ಸ್‌ಪೋಷರ್‌ಗೆ 25 ಡಿಗ್ರಿಯಲ್ಲಿ 30 ಎಲೆಕ್ಟ್ರಾನ್ ಸೇರುತ್ತವೆ. ನಾಯ್ಸ್‌ಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು: ಕ್ಯಾಮೆರಾದ ಒಟ್ಟು ನಾಯ್ಸ್ ಸುಮಾರು 5.7. ಮೈನಸ್ 10ರಲ್ಲಿ ಸೇರುವುದು ಅರ್ಧ ಎಲೆಕ್ಟ್ರಾನ್ ಮಾತ್ರ, ಒಟ್ಟು ನಾಯ್ಸ್ 1.67ಕ್ಕೆ ಇಳಿಯುತ್ತದೆ. ಮೈನಸ್ 20ಕ್ಕೆ ಇಳಿಸಿದರೆ 1.55. ಮೊದಲ 35 ಡಿಗ್ರಿಯಲ್ಲಿ ಸಿಕ್ಕಿದ್ದು ಭಾರಿ ಲಾಭ, ಮುಂದಿನ 10 ಡಿಗ್ರಿಯಲ್ಲಿ ಸಿಕ್ಕಿದ್ದು ಚೂರುಪಾರು. ರೀಡ್ ನಾಯ್ಸ್‌ಗಿಂತ ಡಾರ್ಕ್ ನಾಯ್ಸ್ ಕೆಳಗಿಳಿದ ಮೇಲೆ ಇನ್ನಷ್ಟು ತಣ್ಣಗೆ ಮಾಡುವುದು ಕರೆಂಟಿಗೆ ದಂಡ.

ಇದಕ್ಕೆ ಆಕಾಶದ ಬೆಳಕನ್ನೂ ಸೇರಿಸಬೇಕು. ನಗರದ ಆಕಾಶದಲ್ಲಿ ಫಿಲ್ಟರ್ ಇಲ್ಲದೆ ಪಿಕ್ಸೆಲ್‌ಗೆ ಸೆಕೆಂಡಿಗೆ 2 ಎಲೆಕ್ಟ್ರಾನ್ ಹಿನ್ನೆಲೆ ಬರುತ್ತಿದ್ದರೆ 300 ಸೆಕೆಂಡಿಗೆ 600. ಅದರ ನಾಯ್ಸ್ ಒಂದೇ 24.5. ಇಲ್ಲಿ ಸೆನ್ಸರ್ 25 ಡಿಗ್ರಿಯಲ್ಲಿದ್ದರೂ ಮೈನಸ್ 10ರಲ್ಲಿದ್ದರೂ ಒಟ್ಟು ನಾಯ್ಸ್‌ನಲ್ಲಿ ಶೇ 2.5ರಷ್ಟೂ ವ್ಯತ್ಯಾಸವಿಲ್ಲ. ಹೈಡ್ರೋಜನ್‌ನ ಕೆಂಪು ಬೆಳಕನ್ನಷ್ಟೇ ಬಿಡುವ ಕಿರಿದಾದ ಹೈಡ್ರೋಜನ್ ಆಲ್ಫಾ ಫಿಲ್ಟರ್ ಹಾಕಿ ಹಿನ್ನೆಲೆಯನ್ನು ಸೆಕೆಂಡಿಗೆ 0.02ಕ್ಕೆ ಇಳಿಸಿದರೆ ಚಿತ್ರವೇ ಬದಲು. 25 ಡಿಗ್ರಿಯಲ್ಲಿ ಒಟ್ಟು ನಾಯ್ಸ್ 6.2, ಮೈನಸ್ 10ರಲ್ಲಿ 3. ಮಸುಕಾದ ನೀಹಾರಿಕೆಯೊಂದರಲ್ಲಿ ಒಂದೇ ಗುಣಮಟ್ಟ ಪಡೆಯಲು ಬಿಸಿ ಸೆನ್ಸರ್‌ಗೆ ನಾಲ್ಕು ಪಟ್ಟಿಗೂ ಹೆಚ್ಚು ಸಮಯ ಬೇಕು. ನ್ಯಾರೋಬ್ಯಾಂಡ್, ಅಂದರೆ ಇಂಥ ಕಿರಿದಾದ ಫಿಲ್ಟರ್‌ಗಳಲ್ಲಿ ಚಿತ್ರ ತೆಗೆಯುವವರಿಗೆ ಕೂಲಿಂಗ್ ಅನಿವಾರ್ಯ. ಬಣ್ಣದ ಕ್ಯಾಮೆರಾದಲ್ಲಿ ಊರೊಳಗಿಂದ ತೆಗೆಯುವವರಿಗೆ ಅದರ ನಿಜವಾದ ಉಪಯೋಗ ಬೇರೆ: ಬೆಳಕಿಲ್ಲದೆಯೂ ಬಿಸಿಗೆ ಹೊಳೆಯುವ ಹಾಟ್ ಪಿಕ್ಸೆಲ್‌ಗಳು ಕಡಿಮೆಯಾಗುತ್ತವೆ, ಒಮ್ಮೆ ಮಾಡಿಟ್ಟ ಡಾರ್ಕ್‌ಗಳು ತಿಂಗಳುಗಟ್ಟಲೆ ನಡೆಯುತ್ತವೆ.

ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರ್ ಕಾಲದ ಸಲಹೆಗಳನ್ನು ಈಗಿನ ಸಿಮಾಸ್ ಸೆನ್ಸರ್‌ಗೆ ಹಾಗೇ ಅನ್ವಯಿಸಬಾರದು. ಆಗ ಮೈನಸ್ 20, ಮೈನಸ್ 30 ಬೇಕಿತ್ತು. ಸೋನಿಯ ಐಎಂಎಕ್ಸ್571, ಐಎಂಎಕ್ಸ್533 ಬಗೆಯ ಸೆನ್ಸರ್‌ಗಳಲ್ಲಿ ಡಾರ್ಕ್ ಕರೆಂಟ್ ಎಷ್ಟು ಕಡಿಮೆಯೆಂದರೆ ಶೂನ್ಯದಿಂದ ಮೈನಸ್ 10ರ ನಡುವೆ ಎಲ್ಲಿ ನಿಂತರೂ ಕೆಲಸ ನಡೆಯುತ್ತದೆ. ವೃತ್ತಿಪರ ವೀಕ್ಷಣಾಲಯಗಳ ಲೆಕ್ಕ ಬೇರೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ, ಹೊಸಕೋಟೆಯ ಕೇಂದ್ರದಿಂದ ನಡೆಸುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದಂಥ ಕಡೆಗಳಲ್ಲಿ ಒಂದೇ ರೋಹಿತವನ್ನು ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯಬೇಕಾಗುತ್ತದೆ, ಪ್ರತಿ ಪಿಕ್ಸೆಲ್‌ಗೆ ಬೀಳುವ ಬೆಳಕು ಅತ್ಯಲ್ಪ. ಅಂಥ ಸಿಸಿಡಿಗಳನ್ನು ನಿರ್ವಾತದ ಪಾತ್ರೆಯಲ್ಲಿಟ್ಟು, ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ಸಾರಜನಕದಿಂದ ತಣ್ಣಗೆ ಮಾಡಿ, ಹೀಟರ್ ಹಚ್ಚಿ ಮೈನಸ್ 100ರ ಆಸುಪಾಸಿಗೆ ತಂದು ನಿಲ್ಲಿಸುವುದು ವಾಡಿಕೆ. ಹೌದು, ಅಲ್ಲೂ ಹೀಟರ್ ಇರುತ್ತದೆ. ಅತಿಯಾಗಿ ತಣಿದ ಸಿಸಿಡಿಯಲ್ಲಿ ವಿದ್ಯುದಂಶ ಒಂದು ಪಿಕ್ಸೆಲ್‌ನಿಂದ ಇನ್ನೊಂದಕ್ಕೆ ಸರಿಯಾಗಿ ಸಾಗುವುದಿಲ್ಲ. ಸ್ಥಿರತೆಯ ಬೆಲೆ ಅವರಿಗೂ ಗೊತ್ತು.

ಪೆಲ್ಟಿಯೆ ಮಾಡುವುದೇನು

ಹವ್ಯಾಸಿ ಕ್ಯಾಮೆರಾದಲ್ಲಿ ಸೆನ್ಸರ್ ಹಿಂದೆ ಕೂರುವುದು ಪೆಲ್ಟಿಯೆ ಫಲಕ. ಬಿಸ್ಮತ್ ಟೆಲ್ಯುರೈಡ್‌ನ ಸಣ್ಣ ಸಣ್ಣ ತುಂಡುಗಳನ್ನು ಎರಡು ಸೆರಾಮಿಕ್ ಬಿಲ್ಲೆಗಳ ನಡುವೆ ಸಾಲಾಗಿ ಜೋಡಿಸಿರುತ್ತಾರೆ. ಕರೆಂಟ್ ಹರಿಸಿದಾಗ ಶಾಖ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತದೆ. ಹೆಚ್ಚು ವ್ಯತ್ಯಾಸ ಬೇಕಾದಾಗ ಒಂದರ ಮೇಲೊಂದು ಎರಡು ಹಂತ ಇಡುತ್ತಾರೆ.

ನೆನಪಿಡಬೇಕಾದ ಸಂಗತಿ ಎರಡು. ಒಂದು, ಪೆಲ್ಟಿಯೆ ಕೊಡುವುದು ತಾಪಮಾನವನ್ನಲ್ಲ, ತಾಪಮಾನದ ಅಂತರವನ್ನು. ಕ್ಯಾಮೆರಾ ವಿವರಪಟ್ಟಿಯಲ್ಲಿ ‘ಸುತ್ತಲಿನ ಗಾಳಿಗಿಂತ 35 ಡಿಗ್ರಿ ಕೆಳಗೆ’ ಎಂದಿರುವುದು ಇದೇ. ಎರಡು, ಸಾಗಿಸುವ ಶಾಖ ಕರೆಂಟಿನ ನೇರ ಅನುಪಾತದಲ್ಲಿ ಏರಿದರೆ ಫಲಕದೊಳಗೇ ಹುಟ್ಟುವ ಶಾಖ ಕರೆಂಟಿನ ವರ್ಗದ ಅನುಪಾತದಲ್ಲಿ ಏರುತ್ತದೆ. ಆದ್ದರಿಂದ ಶೇ 50ರಿಂದ 60ಕ್ಕೆ ಹೋದಾಗ ಸಿಗುವಷ್ಟು ತಂಪು ಶೇ 90ರಿಂದ 100ಕ್ಕೆ ಹೋದಾಗ ಸಿಗುವುದಿಲ್ಲ. 12 ವೋಲ್ಟ್, 3 ಆಂಪಿಯರ್ ಎಳೆಯುವ ಕೂಲರ್ ಎಂದರೆ 36 ವಾಟ್. ಆ ಅಷ್ಟೂ ಶಾಖ, ಜೊತೆಗೆ ಸೆನ್ಸರಿನದೂ ಸೇರಿ, ಹಿಂದಿನ ಹೀಟ್‌ಸಿಂಕ್ ಮತ್ತು ಫ್ಯಾನ್ ಮೂಲಕವೇ ಹೊರಹೋಗಬೇಕು. ಫ್ಯಾನ್ ಕಿಂಡಿಯ ಮೇಲೆ ಕೇಬಲ್ ಗಂಟು ಬಂದರೆ, ಧೂಳು ಕಟ್ಟಿದರೆ, ಇಬ್ಬನಿಗೆಂದು ಕ್ಯಾಮೆರಾಗೆ ಬಟ್ಟೆ ಸುತ್ತಿದರೆ ಬಿಸಿ ಬದಿ ಇನ್ನಷ್ಟು ಬಿಸಿಯಾಗುತ್ತದೆ, ತಣ್ಣನೆಯ ಬದಿಯೂ ಅದರ ಹಿಂದೆಯೇ ಮೇಲೇರುತ್ತದೆ.

ಗುರಿ ಆರಿಸುವುದು

ನಿಮ್ಮ ಜಾಗದಲ್ಲಿ ಚಿತ್ರ ತೆಗೆಯಲು ಶುರುಮಾಡುವ ಹೊತ್ತಿನ ಅತಿ ಹೆಚ್ಚು ತಾಪಮಾನ ತೆಗೆದುಕೊಳ್ಳಿ. ಅದರಿಂದ ಕ್ಯಾಮೆರಾದ ಅಂತರವನ್ನು ಕಳೆಯಿರಿ, ಮೇಲೆ 7–8 ಡಿಗ್ರಿ ಮೀಸಲು ಬಿಡಿ. ಬೆಂಗಳೂರಿನ ಏಪ್ರಿಲ್‌ಗೆ 28ರಿಂದ 35 ಕಳೆದರೆ ಮೈನಸ್ 7, ಮೀಸಲು ಸೇರಿಸಿದರೆ ಸುಮಾರು ಶೂನ್ಯ. ಡಿಸೆಂಬರ್‌ನಲ್ಲಿ 18 ಡಿಗ್ರಿಯಿದ್ದರೆ ಮೈನಸ್ 10 ಆರಾಮವಾಗಿ ಸಿಗುತ್ತದೆ. ಬಳ್ಳಾರಿ, ರಾಯಚೂರಿನ ಬೇಸಿಗೆ ರಾತ್ರಿಗಳಿಗೆ ಪ್ಲಸ್ 5 ಇಟ್ಟುಕೊಂಡರೂ ನಾಚಿಕೆಯೇನಿಲ್ಲ. ರಾತ್ರಿಯ ಶುರುವಿನಲ್ಲಿ ಕೂಲರ್ ಪವರ್ ಶೇ 80 ದಾಟಬಾರದು, ಇದೇ ಪರೀಕ್ಷೆ. ದಾಟಿದರೆ ಗುರಿಯನ್ನು 5 ಡಿಗ್ರಿ ಮೇಲಕ್ಕೆ ಸರಿಸಿ.

ಬೇಸಿಗೆಗೆ ಶೂನ್ಯ, ಚಳಿಗಾಲಕ್ಕೆ ಮೈನಸ್ 10 ಎಂದು ಎರಡೇ ಗುರಿ ಇಟ್ಟುಕೊಂಡರೆ ಎರಡು ಡಾರ್ಕ್ ಸಂಗ್ರಹ ಸಾಕು. ಪ್ರತಿ ರಾತ್ರಿ ಒಂದೊಂದು ತಾಪಮಾನ ಇಡುವವರ ಡಾರ್ಕ್ ಕೆಲಸ ಮುಗಿಯುವುದೇ ಇಲ್ಲ.

ಡಾರ್ಕ್ ತೆಗೆಯುವಾಗ ತಾಪಮಾನ, ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ), ಆಫ್‌ಸೆಟ್ (ಪ್ರತಿ ಪಿಕ್ಸೆಲ್‌ಗೆ ಕೂಡಿಸುವ ಮೂಲ ಮೌಲ್ಯ), ಎಕ್ಸ್‌ಪೋಷರ್ ನಾಲ್ಕೂ ಲೈಟ್ ಫ್ರೇಮಿಗೆ, ಅಂದರೆ ಆಕಾಶದ ಚಿತ್ರಕ್ಕೆ, ಹೊಂದಬೇಕು. 6 ಡಿಗ್ರಿಗೆ ದುಪ್ಪಟ್ಟು ಎಂದರೆ 1 ಡಿಗ್ರಿ ತಪ್ಪಿದರೂ ಡಾರ್ಕ್ ಕರೆಂಟ್ ಶೇ 12ರಷ್ಟು ತಪ್ಪುತ್ತದೆ, 0.2 ಡಿಗ್ರಿಯ ಓಲಾಟ ಲೆಕ್ಕಕ್ಕಿಲ್ಲ. ಐಎಂಎಕ್ಸ್294, ಐಎಂಎಕ್ಸ್183 ಸೆನ್ಸರ್‌ಗಳಲ್ಲಿ ಸೆನ್ಸರಿನದೇ ವಿದ್ಯುನ್ಮಂಡಲದಿಂದ ಹುಟ್ಟಿ ಅಂಚಿನಿಂದ ಹೊಮ್ಮುವ ಹೊಳಪು, ಆಂಪ್ ಗ್ಲೋ, ಇದೆ. ಇವುಗಳ ಡಾರ್ಕ್ ಅನ್ನು ತಂತ್ರಾಂಶದಲ್ಲಿ ಹಿಗ್ಗಿಸಿ ಕುಗ್ಗಿಸಿ ಹೊಂದಿಸಲು ಹೋದರೆ ಆ ಗ್ಲೋ ಅರ್ಧಂಬರ್ಧ ಉಳಿದುಕೊಳ್ಳುತ್ತದೆ, ಆದ್ದರಿಂದ ಡಾರ್ಕ್ ಸ್ಕೇಲಿಂಗ್ ಆರಿಸಬೇಡಿ. 571, 533ರಲ್ಲಿ ಈ ತೊಂದರೆಯಿಲ್ಲ.

ಎಷ್ಟು ಡಾರ್ಕ್ ಬೇಕು? ಮೂವತ್ತರಿಂದ ಐವತ್ತು. ಆದರೆ ಇಲ್ಲೊಂದು ಬಲೆ ಇದೆ. ಈ ಡಾರ್ಕ್‌ಗಳ ಸರಾಸರಿಯಾದ ಮಾಸ್ಟರ್ ಡಾರ್ಕ್‌ನಲ್ಲಿ ಉಳಿದಿರುವ ನಾಯ್ಸ್ ಎಲ್ಲ ಲೈಟ್ ಫ್ರೇಮುಗಳಿಗೂ ಒಂದೇ ಅಚ್ಚಿನಲ್ಲಿ ಸೇರುತ್ತದೆ. ನೂರು ಲೈಟ್ ಕೂಡಿಸಿದರೂ ಅದು ಸರಾಸರಿಯಲ್ಲಿ ಕರಗುವುದಿಲ್ಲ. ಕರಗಬೇಕಾದರೆ ಫ್ರೇಮ್‌ಗಳ ನಡುವೆ ಡಿದರಿಂಗ್ ಬೇಕೇಬೇಕು, ಅಂದರೆ ದೂರದರ್ಶಕವನ್ನು ಪ್ರತಿ ಒಂದೆರಡು ಫ್ರೇಮಿಗೊಮ್ಮೆ ಕೆಲವು ಪಿಕ್ಸೆಲ್‌ನಷ್ಟು ಅತ್ತಿತ್ತ ಸರಿಸುವುದು. ಕೂಲಿಂಗ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ಬಿಡಬಾರದು.

ಡಾರ್ಕ್‌ಗಳನ್ನು ಹಗಲು ಮನೆಯೊಳಗೇ ತೆಗೆಯಬಹುದು. ಪ್ಲಾಸ್ಟಿಕ್ ಮುಚ್ಚಳವನ್ನು ನಂಬಬೇಡಿ, ಹಲವು ಮುಚ್ಚಳಗಳ ಮೂಲಕ ಅವಕೆಂಪು (ಇನ್‌ಫ್ರಾರೆಡ್) ಬೆಳಕು ದಾಟುತ್ತದೆ. ಮುಚ್ಚಳದ ಮೇಲೆ ಅಲ್ಯೂಮಿನಿಯಂ ಫಾಯಿಲ್ ಎರಡು ಸುತ್ತು ಹಾಕಿ. ಕೋಣೆಯ ದೀಪ ಹಚ್ಚಿ ಒಂದು, ಆರಿಸಿ ಒಂದು ಡಾರ್ಕ್ ತೆಗೆದು ಸರಾಸರಿ ಮೌಲ್ಯ ಹೋಲಿಸಿದರೆ ಸೋರಿಕೆ ಇದೆಯೋ ಇಲ್ಲವೋ ತಿಳಿಯುತ್ತದೆ. ಇನ್ನೊಬ್ಬರ ಕ್ಯಾಮೆರಾದ ಡಾರ್ಕ್ ಅದೇ ಮಾದರಿಯದಾದರೂ ಬಳಸಬೇಡಿ: ಹಾಟ್ ಪಿಕ್ಸೆಲ್‌ಗಳ ಜಾಗ ಬೇರೆ, ತಾಪಮಾನ ಅಳೆಯುವ ಥರ್ಮಿಸ್ಟರ್ ಕೂರುವುದು ಸಿಲಿಕಾನ್ ಪಕ್ಕದಲ್ಲಿ, ಅದರೊಳಗಲ್ಲ. ಹೀಗಾಗಿ ಎರಡು ಕ್ಯಾಮೆರಾಗಳ ‘ಮೈನಸ್ 10’ ಒಂದೇ ಆಗಿರಬೇಕಿಲ್ಲ.

ತೇವ, ಇಬ್ಬನಿ, ಮಂಜುಗಡ್ಡೆ

ನಮ್ಮ ಕಡೆ ಕೂಲಿಂಗ್‌ನ ನಿಜವಾದ ಶತ್ರು ತೇವ. ಬೆಂಗಳೂರಿನ 20 ಡಿಗ್ರಿಯ ರಾತ್ರಿಯಲ್ಲಿ ಆರ್ದ್ರತೆ ಶೇ 90 ಇದ್ದರೆ ಇಬ್ಬನಿ ಬಿಂದು 18.3 ಡಿಗ್ರಿ. ಮಂಗಳೂರಿನಲ್ಲಿ 26 ಡಿಗ್ರಿ, ಶೇ 85 ಆರ್ದ್ರತೆಯಿದ್ದರೆ 23.3. ಗಾಳಿಗಿಂತ ಎರಡು ಮೂರು ಡಿಗ್ರಿ ತಣ್ಣಗಿರುವ ಯಾವ ಗಾಜಾದರೂ ಸಾಕು, ಫ್ರಿಜ್‌ನಿಂದ ತೆಗೆದಿಟ್ಟ ಬಾಟಲಿಯಂತೆ ಬೆವರುತ್ತದೆ.

ಕ್ಯಾಮೆರಾದಲ್ಲಿ ಇದು ಎರಡು ಜಾಗದಲ್ಲಿ ಆಗುತ್ತದೆ, ಎರಡರ ಕಾರಣವೂ ಮದ್ದೂ ಬೇರೆ ಬೇರೆ. ಮೊದಲನೆಯದು ಸೆನ್ಸರ್ ಕೋಣೆಯನ್ನು ಮುಚ್ಚುವ ರಕ್ಷಾಗಾಜಿನ ಹೊರಮೈ. ಒಳಗಿನ ತಂಪಿನಿಂದ ಗಾಜಿನ ನಡುಭಾಗ ಮೊದಲು ತಣಿಯುತ್ತದೆ. ಅಂಚು ಲೋಹಕ್ಕೆ ತಾಗಿರುವುದರಿಂದ ಬೆಚ್ಚಗಿರುತ್ತದೆ. ಹಾಗಾಗಿ ಇಬ್ಬನಿ ನಡುವಿನಿಂದ ಹಬ್ಬುತ್ತದೆ. ಚಿತ್ರದ ಮಧ್ಯದಲ್ಲಿ ನಕ್ಷತ್ರಗಳ ಸುತ್ತ ಮಸುಕು ಪ್ರಭೆ ಮೂಡಿ, ಮಧ್ಯ ಭಾಗವೇ ಮಬ್ಬಾದರೆ ಇದೇ ಕಾರಣ. ಮದ್ದು, ಗಾಜಿನ ಸುತ್ತಲಿನ ಹೀಟರ್ ಉಂಗುರ. ಈಗಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಒಳಗೇ ಇದೆ, ತಂತ್ರಾಂಶದಲ್ಲಿ ಡ್ಯೂ ಹೀಟರ್ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಕೂಲರ್ ಹಾಕುವ ಮೊದಲೇ ಹಾಕಿ. ಕೂತ ಇಬ್ಬನಿಯನ್ನು ಓಡಿಸುವುದಕ್ಕಿಂತ ಕೂರದಂತೆ ನೋಡಿಕೊಳ್ಳುವುದು ಸುಲಭ. ದೂರದರ್ಶಕದ ಮೂತಿಗೆ ಸುತ್ತುವ ಹೀಟರ್ ಪಟ್ಟಿ ಬೇರೆಯದೇ, ಅದು ಈ ಗಾಜನ್ನು ಕಾಯುವುದಿಲ್ಲ.

ಎರಡನೆಯದು ಕೋಣೆಯ ಒಳಗೆ, ಸೆನ್ಸರ್ ಮೇಲೇ ಕೂರುವ ಮಂಜಿನ ಹರಳುಗಳು. ಸೆನ್ಸರ್‌ಗೆ ಹತ್ತಿರವಿರುವುದರಿಂದ ನೆರಳು ಚೂಪಾಗಿ ಬೀಳುತ್ತದೆ, ಚಿಕ್ಕ ಚುಕ್ಕೆಗಳು, ಗರಿಯಂಥ ಗೆರೆಗಳು. ಧೂಳಿನ ಉಂಗುರಗಳೂ ಹೀಗೇ ಕಾಣಬಹುದು. ವ್ಯತ್ಯಾಸ ತಿಳಿಯಲು ಗಂಟೆಗೊಂದರಂತೆ ಎರಡು ಫ್ಲಾಟ್ ಫ್ರೇಮ್ (ಸಮನಾಗಿ ಬೆಳಗಿದ ಮೈಯ ಚಿತ್ರ) ತೆಗೆಯಿರಿ: ಧೂಳು ಇದ್ದಲ್ಲೇ ಇರುತ್ತದೆ, ಮಂಜು ಬೆಳೆಯುತ್ತದೆ ಅಥವಾ ಆಕಾರ ಬದಲಿಸುತ್ತದೆ. ಸೆನ್ಸರನ್ನು 10 ಡಿಗ್ರಿಗೆ ಏರಿಸಿದಾಗ ಕಲೆ ಮಾಯವಾದರೆ ಸಂದೇಹವೇ ಬೇಡ. ಕೋಣೆಯೊಳಗೆ ತೇವ ನುಗ್ಗಿದೆ, ಗಾಜಿನ ಹೀಟರ್ ಇದಕ್ಕೆ ಉತ್ತರವಲ್ಲ. ತೇವ ಹೀರುವ ಬಿಲ್ಲೆಗಳು ತುಂಬಿಹೋಗಿವೆ, ಅಥವಾ ರಬ್ಬರ್ ಉಂಗುರ ಸೋರುತ್ತಿದೆ.

ಆ ದಿನದ ಮಟ್ಟಿಗೆ ಗುರಿಯನ್ನು 10 ಡಿಗ್ರಿ ಮೇಲೇರಿಸಿ ಕೆಲಸ ಮುಗಿಸಬಹುದು. ಆಮೇಲೆ ಬಿಲ್ಲೆಗಳನ್ನು ಒಣಗಿಸಬೇಕು. ಸಿಲಿಕಾ ಜೆಲ್ ಆದರೆ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಸಾಕು. ಇನ್ನೂ ಬಿಸಿ ಮಾಡಿದರೆ ಬಣ್ಣ ಸೂಚಕ ಸುಟ್ಟುಹೋಗುತ್ತದೆ. ಮಾಲಿಕ್ಯುಲರ್ ಸೀವ್ (ತೇವ ಹೀರುವ ಇನ್ನೊಂದು ಬಗೆಯ ವಸ್ತು) ಆದರೆ 250 ಡಿಗ್ರಿಗೂ ಮೇಲೆ ಬೇಕು, ಅಡುಗೆಮನೆಯ ಓವನ್‌ನಲ್ಲಿ ಅದು ಪೂರ್ತಿ ಒಣಗುವುದಿಲ್ಲ, ಹೊಸದು ಹಾಕುವುದೇ ಮೇಲು. ಒಣಗಿದ ಬಿಲ್ಲೆಯನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಆರಿಸಿ. ಬಿಸಿಯಾಗಿರುವಾಗ ಕ್ಯಾಮೆರಾಗೆ ಹಾಕಬೇಡಿ, ಬಯಲಿನಲ್ಲಿ ಆರಲು ಬಿಟ್ಟರೆ ಗಾಳಿಯ ತೇವವನ್ನೇ ಮತ್ತೆ ಕುಡಿಯುತ್ತದೆ. ಬದಲಿಸುವ ಕೆಲಸವನ್ನು ಏಸಿ ಹಾಕಿದ ಒಣ ಕೋಣೆಯಲ್ಲಿ ಒಂದೆರಡು ನಿಮಿಷದಲ್ಲಿ ಮುಗಿಸಿ. ರಬ್ಬರ್ ಉಂಗುರದಲ್ಲಿ ಕೂದಲು, ಧೂಳು ಸಿಕ್ಕಿಲ್ಲವೆಂದು ನೋಡಿ ಮುಚ್ಚಿ, ಒಂದು ದಿನ ಸುಮ್ಮನೆ ಬಿಟ್ಟು ಆಮೇಲೆ ಕೂಲರ್ ಹಾಕಿ. ಒಳಗಿನ ಗಾಳಿಯಿಂದ ತೇವ ಹೀರಿಕೊಳ್ಳಲು ಬಿಲ್ಲೆಗೆ ಅಷ್ಟು ಸಮಯ ಬೇಕು. ಕ್ಯಾಮೆರಾ ವಾರಂಟಿಯಲ್ಲಿದ್ದರೆ ಯಾವ ಸ್ಕ್ರೂ ತೆಗೆಯಬಹುದು, ಯಾವುದು ಬಾರದು ಎಂದು ಕೈಪಿಡಿಯಲ್ಲಿ ಮೊದಲು ಓದಿ.

ವಿದ್ಯುತ್ ಮತ್ತು ತಂತಿ

ಕೂಲರ್ ‘ಕೈಕೊಟ್ಟಿದೆ’ ಎನ್ನುವ ದೂರುಗಳಲ್ಲಿ ಬಹುಪಾಲು ತಂತಿಯದ್ದೇ ತಪ್ಪು. ಅಡಾಪ್ಟರ್‌ನಿಂದ ಕ್ಯಾಮೆರಾವರೆಗೆ 5 ಮೀಟರ್ ಇದ್ದರೆ ಹೋಗಿ ಬರುವ ದಾರಿ 10 ಮೀಟರ್. 0.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 3 ಆಂಪಿಯರ್ ಹರಿದಾಗ ಸುಮಾರು 1.1 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 12 ವೋಲ್ಟ್ ಹೊರಟದ್ದು 10.9 ಆಗಿ ತಲುಪುತ್ತದೆ, ಕೂಲರ್‌ಗೆ ಸಿಗುವ ಶಕ್ತಿ ಶೇ 17–18ರಷ್ಟು ಕಡಿಮೆ. 1.5 ಚದರ ಮಿಲಿಮೀಟರ್ ತಂತಿ ಹಾಕಿದರೆ ನಷ್ಟ 0.4 ವೋಲ್ಟ್ ಮಾತ್ರ. ಅಳತೆ ಮಾಡುವಾಗ ಕೂಲರ್ ಪೂರ್ತಿ ಓಡುತ್ತಿರುವಾಗಲೇ, ಕ್ಯಾಮೆರಾ ತುದಿಯಲ್ಲೇ ಮಲ್ಟಿಮೀಟರ್ ಹಿಡಿಯಬೇಕು. ಲೋಡ್ ಇಲ್ಲದಾಗ ಎಲ್ಲ ತಂತಿಯೂ 12 ವೋಲ್ಟ್ ತೋರಿಸುತ್ತದೆ.

12 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಒಂದು ಕ್ಯಾಮೆರಾಗೆ ಸಾಕು. ಮೌಂಟ್ ಮತ್ತು ಇಬ್ಬನಿ ಪಟ್ಟಿಗಳನ್ನು ಅದಕ್ಕೇ ಸೇರಿಸಬೇಡಿ. ಊರಾಚೆ ಬ್ಯಾಟರಿಯಲ್ಲಿ ಓಡಿಸುವುದಾದರೆ ಸರಾಸರಿ 2 ಆಂಪಿಯರ್ ಎಂದು ಹಿಡಿದು, ಎಂಟು ಗಂಟೆಗೆ 16 ಆಂಪಿಯರ್ ಅವರ್. ಯುಪಿಎಸ್‌ನ 7 ಆಂಪಿಯರ್ ಅವರ್ ಬ್ಯಾಟರಿ ಇದಕ್ಕೆ ಆಗುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿದಂತೆ ವೋಲ್ಟೇಜ್ ಕೂಡ ಬೀಳುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊನೆಯವರೆಗೂ ಹೆಚ್ಚುಕಡಿಮೆ 12.8ರ ಸುತ್ತ ನಿಲ್ಲುವುದರಿಂದ ಕೂಲರ್‌ಗೆ ಅದೇ ಒಳ್ಳೆಯದು.

ಇಳಿಸುವುದು, ಏರಿಸುವುದು

ತಣಿಸುವಾಗ ಆತುರ ಬೇಡ. ಕ್ಯಾಮೆರಾ ನಡೆಸುವ ನೀನಾ ತಂತ್ರಾಂಶದಲ್ಲಿ ಗುರಿಯ ಪಕ್ಕದಲ್ಲೇ ಅವಧಿಯನ್ನು ನಿಮಿಷಗಳಲ್ಲಿ ಕೊಡುವ ಜಾಗವಿದೆ. 10 ನಿಮಿಷ ಕೊಡಿ. ಸಿಲಿಕಾನ್, ಸೆರಾಮಿಕ್, ಬೆಸುಗೆ ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಕುಗ್ಗುವುದರಿಂದ ನಿಧಾನವಾಗಿ ಇಳಿದಷ್ಟೂ ಕೀಲುಗಳ ಮೇಲೆ ಒತ್ತಡ ಕಡಿಮೆ. ಗುರಿ ಮುಟ್ಟಿದ ತಕ್ಷಣ ಶುರುಮಾಡದೆ ಇನ್ನೈದು ನಿಮಿಷ ಕಾಯಿರಿ. ಮುಗಿಸುವಾಗಲೂ ಹಾಗೆಯೇ ಹತ್ತು ನಿಮಿಷದಲ್ಲಿ ಸುತ್ತಲಿನ ತಾಪಮಾನಕ್ಕೆ ತಂದು ಆಮೇಲೆ ತಂತಿ ಕೀಳಿ. ನಡುವೆ ಕರೆಂಟ್ ಹೋಗಿ ಕೂಲರ್ ಒಮ್ಮೆಲೇ ನಿಂತರೆ ಗಾಬರಿಯಾಗಬೇಕಿಲ್ಲ, ಅಪರೂಪಕ್ಕೊಮ್ಮೆ ಆದದ್ದರಿಂದ ಕ್ಯಾಮೆರಾ ಕೆಡುವುದಿಲ್ಲ. ದಿನವೂ ಹಾಗೇ ಮಾಡುವುದು ಬೇಡ.

ಖಗೋಳ ಚಿತ್ರ ಉಳಿಯುವ ಪ್ರತಿ ಫಿಟ್ಸ್ ಕಡತದ ಹೆಡರಿನಲ್ಲಿ (ಕಡತದ ಆರಂಭದ ಮಾಹಿತಿ ಪಟ್ಟಿಯಲ್ಲಿ) ಎರಡು ತಾಪಮಾನ ದಾಖಲಾಗಿರುತ್ತದೆ: ‘ಸೆಟ್-ಟೆಂಪ್’ ನೀವು ಕೇಳಿದ್ದು, ‘ಸಿಸಿಡಿ-ಟೆಂಪ್’ ನಿಜವಾಗಿ ಇದ್ದದ್ದು. ಜೋಡಣೆಗೆ ಮೊದಲು ಎರಡನೆಯದನ್ನು ಎಲ್ಲ ಫ್ರೇಮುಗಳಿಗೂ ಒಮ್ಮೆ ನೋಡಿ. ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಿದ ಫ್ರೇಮುಗಳನ್ನು ಬೇರೆ ಮಾಡಿದರೆ ಆಮೇಲೆ ಚಿತ್ರದ ಹಿನ್ನೆಲೆಯಲ್ಲಿ ಎಲ್ಲಿಂದ ಬಂತೋ ಎನ್ನುವ ಮಚ್ಚೆಗಳನ್ನು ಹುಡುಕುವ ಕೆಲಸ ತಪ್ಪುತ್ತದೆ. ಕಳೆದ ತಿಂಗಳು ಶೇ 60 ಪವರ್‌ನಲ್ಲಿ ಮುಟ್ಟುತ್ತಿದ್ದ ಗುರಿಗೆ ಈಗ, ಅದೇ ಹವೆಯಲ್ಲಿ, ಶೇ 85 ಬೇಕಾಗುತ್ತಿದ್ದರೆ ಫ್ಯಾನ್, ಧೂಳು, ತಂತಿ, ಪ್ಲಗ್‌ನ ಸಡಿಲು ಈ ಕ್ರಮದಲ್ಲಿ ಪರೀಕ್ಷಿಸಿ. ಪ್ಲಗ್ ಕೈಗೆ ಬಿಸಿ ತಾಗಿದರೆ ಸಂಪರ್ಕ ಸರಿಯಿಲ್ಲ ಎಂದರ್ಥ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೆಚ್ಚಿನವರ ಕ್ಯಾಮೆರಾ ಪೆಟ್ಟಿಗೆಯಲ್ಲೇ ಇರುತ್ತದೆ. ಆ ನಾಲ್ಕು ತಿಂಗಳಲ್ಲೇ ಬಿಲ್ಲೆಗಳು ತೇವ ಕುಡಿದು ತುಂಬುವುದು. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ 200–300 ಗ್ರಾಂ ಸಿಲಿಕಾ ಜೆಲ್ ಮತ್ತು ಒಂದು ಚಿಕ್ಕ ಆರ್ದ್ರತಾಮಾಪಕ ಇಟ್ಟು, ಒಳಗೆ ಶೇ 40ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳಿ. ಕರಾವಳಿ, ಮಲೆನಾಡಿನಲ್ಲಿ ಜೆಲ್ ಅನ್ನು ತಿಂಗಳಿಗೊಮ್ಮೆ ಒಣಗಿಸಬೇಕಾಗುತ್ತದೆ. ಅಕ್ಟೋಬರ್‌ನಲ್ಲಿ ಮೊದಲ ಬಾರಿ ಹೊರಗೆ ಒಯ್ಯುವ ಮುನ್ನ ಮನೆಯಲ್ಲೇ ಮೈನಸ್ 10ಕ್ಕೆ ಇಳಿಸಿ, ಒಂದು ಗಂಟೆ ಬಿಟ್ಟು ಒಂದು ಫ್ಲಾಟ್ ತೆಗೆದು ನೋಡಿ. ಚುಕ್ಕೆ, ಗರಿ ಕಂಡರೆ ಬಿಲ್ಲೆ ಬದಲಿಸಲು ಅಮಾವಾಸ್ಯೆಗೆ ಇನ್ನೂ ಸಮಯವಿರುತ್ತದೆ.